ಕಡ್ಡಿ ಯಾರು ಎತ್ತಿದರು?

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಜಾತಿ ನನ್ನದು. ನಾನು ಹುಟ್ಟಿದ ಕುಕನೂರಿನಲ್ಲಿ ಇಂಥ ಕಥೆಗಳಿಗೇನೂ ಬರವಿರಲಿಲ್ಲ. ಹುಣಸೆಮರಕ್ಕೊಂದು, ಹಾಳುಬಾವಿಗೊಂದು ಇತ್ತು. ಒಂದನ್ನೂ ನಾನು ನಂಬಲಿಲ್ಲ. ಮೋಟರ್ ಕೆಲಸ ಕಲಿಯಲು ಹೋದ ಮೇಲಂತೂ ನನ್ನ ಬಾಯಿ ಇನ್ನಷ್ಟು ಜೋರಾಯಿತು. ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ, ದೆವ್ವ ಹಿಡಿಯುವುದಿಲ್ಲ ಎಂದು ಊರಿಗೆ ಬಂದಾಗೆಲ್ಲ ಹಿರಿಯರನ್ನು ರೇಗಿಸುತ್ತಿದ್ದೆ. ಈಗ ಬರೆಯುವುದನ್ನು ಓದಿ ನೀವು ನನ್ನನ್ನು ಹಾಗೆಯೇ ರೇಗಿಸಿದರೆ ನನಗೆ ಬೇಸರವಿಲ್ಲ. ಯಾರಾದರೂ ಒಬ್ಬರು ನನ್ನನ್ನು ಬೈದರೂ ಸಾಕೆನಿಸಿದೆ.

ಅದು ಎರಡನೆಯ ಮಹಾಯುದ್ಧದ ಕಾಲ, ನಿಜಾಮರ ಆಳ್ವಿಕೆ. ಕೊಪ್ಪಳದ ಸ್ಟೇಷನ್ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ಹುಡುಗರಿಗೆ ಮೋಟರ್ ರಿಪೇರಿ ಕಲಿಸುವ ಸಣ್ಣ ತಾಂತ್ರಿಕ ಶಾಲೆ ನಡೆಯುತ್ತಿತ್ತು. ಪಾಠ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ಕಲಿಸುವವರನ್ನು ನಾವು ಉಸ್ತಾದರು ಎನ್ನುತ್ತಿದ್ದೆವು. ಪ್ರತಿ ಕೆಲಸಕ್ಕೂ ಇಬ್ಬಿಬ್ಬರ ಜೋಡಿ. ನನಗೆ ಜೋಡಿಯಾದವನು ನವಲಿಯ ದುರಗಪ್ಪ. ಕುರಿ ಕಾಯುವ ಮನೆತನದವನು, ಉರ್ದು ಅಕ್ಷರ ಕಂಡರೆ ಬೆವರುತ್ತಿದ್ದ. ಆದರೆ ಅವನ ಕೈಗೆ ಸ್ಪ್ಯಾನರ್ ಕೊಟ್ಟರೆ ಮಾತೇ ಬೇಕಿರಲಿಲ್ಲ. ಪರೀಕ್ಷೆ ಪಾಸಾದರೆ ಗಂಗಾವತಿಯ ಬಸ್ಸಿನ ಮಾಲೀಕರೊಬ್ಬರು ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಅವನ ಮನೆಯವರು ಆ ಮಾತಿನ ಮೇಲೇ ಬದುಕುತ್ತಿದ್ದರು.

ಇಲ್ಲಿ ಒಂದು ಚೂರು ಯಂತ್ರದ ಮಾತು ಹೇಳಲೇಬೇಕು, ಬೇಸರ ಪಡಬೇಡಿ. ಆಗ ಪೆಟ್ರೋಲಿಗೆ ಬರ. ಬಸ್ಸು, ಲಾರಿಗಳ ಬೆನ್ನಿಗೆ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಗಾಡಿ ಓಡಿಸುತ್ತಿದ್ದರು. ಸ್ಟೇರಿಂಗಿನ ಕೆಳಗೆ ಒಂದು ಕಬ್ಬಿಣದ ಕಡ್ಡಿ ಇರುತ್ತಿತ್ತು, ಎಂಜಿನಿನೊಳಗೆ ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಕಡ್ಡಿ. ಇದ್ದಿಲ ಗ್ಯಾಸಿನಲ್ಲಿ ಓಡುವಾಗ ಅದು ಕೆಳಗಿರಬೇಕು. ಮತ್ತೆ ಗಾಡಿ ಶುರು ಮಾಡಲು ನಾಲ್ಕು ಹನಿ ಪೆಟ್ರೋಲು ಬಿಟ್ಟು, ಮುಂದೆ ನಿಂತು ಹ್ಯಾಂಡಲ್ ತಿರುಗಿಸುವಾಗ ಅದು ಮೇಲಿರಬೇಕು. ಕೆಳಗಿದ್ದರೆ ಹ್ಯಾಂಡಲ್ ಉಲ್ಟಾ ಹೊಡೆಯುತ್ತದೆ, ಕೈ ಮುರಿಯುತ್ತದೆ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಒಳಗೆ ಕೂತವನು ಕಡ್ಡಿ ಎತ್ತಿ, “ಕಡ್ಡಿ ಮ್ಯಾಲ!” ಎಂದು ಕೂಗಬೇಕು. ಹೊರಗೆ ನಿಂತವನಿಗೆ ಒಳಗಿನದು ಕಾಣುವುದಿಲ್ಲ. ಅವನು ಆ ಕೂಗನ್ನು ನಂಬಿ ಹ್ಯಾಂಡಲಿಗೆ ಕೈ ಹಾಕುತ್ತಾನೆ.

ದಿನಕ್ಕೆ ಹತ್ತಾರು ಸಲ ಕೂಗಿ ಕೂಗಿ ಅದು ನನಗೆ ಬಾಯಿಪಾಠವಾಗಿಬಿಟ್ಟಿತ್ತು. ಆ ದಿನ ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ, ನಾನು ಶಾಲೆಯ ಹಳೆಯ ಲಾರಿಯೊಳಗೆ ಕೂತಿದ್ದೆ. ದುರಗಪ್ಪ ಮುಂದೆ ನಿಂತಿದ್ದ. ಊಟದ ಹೊತ್ತಾಗಿತ್ತು, ನನ್ನ ಲಕ್ಷ್ಯ ರೊಟ್ಟಿಯ ಗಂಟಿನ ಮೇಲಿತ್ತು. “ಕಡ್ಡಿ ಮ್ಯಾಲ!” ಎಂದೆ. ಬಾಯಿ ಹೇಳಿತು, ಕೈ ಎತ್ತಲಿಲ್ಲ.

ಫಟ್ ಎಂದು ಸದ್ದಾಯಿತು. ದುರಗಪ್ಪನ ಕೂಗು ಕೇಳಿತು. ನಾನು ಮೊದಲು ನೋಡಿದ್ದು ಅವನನ್ನಲ್ಲ, ಕಡ್ಡಿಯನ್ನು. ಅದು ಕೆಳಗಿತ್ತು. ಇದನ್ನು ನಾನು ಕಣ್ಣಾರೆ ಕಂಡೆ. ಅದನ್ನು ಮುಟ್ಟದೆ ಹಾಗೇ ಕೆಳಗೆ ಹಾರಿ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವನ ಬಲಗೈ ಮಣಿಕಟ್ಟಿನ ಹತ್ತಿರ ಬೇರೆ ಕಡೆಗೆ ತಿರುಗಿತ್ತು. ಉಸ್ತಾದರು, ಉಳಿದ ಹುಡುಗರು ಶೆಡ್ಡಿನಿಂದ ಓಡಿ ಬಂದರು. ಎಲ್ಲರೂ ನನ್ನ ಕಣ್ಣೆದುರಿಗೇ ಇದ್ದರು, ಯಾರೂ ಲಾರಿ ಹತ್ತಲಿಲ್ಲ.

ನಾನು ಆಗಲೇ ಹೇಳಿದೆ. “ಅವನ ತಪ್ಪಿಲ್ರಿ ಉಸ್ತಾದ್. ಕಡ್ಡಿ ನಾ ಎತ್ತಿದ್ದಿಲ್ರಿ.”

ಉಸ್ತಾದರು ಸಿಟ್ಟಿನಿಂದ ಲಾರಿ ಹತ್ತಿದರು, ಹಿಂದೆಯೇ ನಾನೂ ಹತ್ತಿದೆ. ಕಡ್ಡಿ ಮೇಲಿತ್ತು.

“ಹುಚ್ಚದಿಯೇನಲೇ? ಮ್ಯಾಲ ಐತಲ್ಲ ಇದು!” ಎಂದು ಅದನ್ನು ಕೆಳಗೆಳೆದು ಮತ್ತೆ ಎತ್ತಿದರು. ತುಕ್ಕು ಹಿಡಿದು ಭಾಳ ಬಿಗಿಯಾಗಿದ್ದ ಕಡ್ಡಿ ಅದು. ಎತ್ತುವಾಗ ಕಿರ್ರೆಂದು ಅಂಗಳಕ್ಕೆಲ್ಲ ಕೇಳುವಂತೆ ಸದ್ದು ಮಾಡುತ್ತಿತ್ತು. “ಇದೇನು ತಾನಾಗೇ ಸರಿಯೂದಲ್ಲ. ನೀನ ಎತ್ತೀದಿ. ದೋಸ್ತನ ಸಲುವಾಗಿ ಸುಳ್ಳು ಹೇಳಾಕತ್ತೀದಿ. ಮನಸು ಛಲೋ ಐತಿ ನಿಂದು, ಆದ್ರ ಮಷೀನಿನ ಮುಂದ ಸುಳ್ಳು ನಡ್ಯಂಗಿಲ್ಲ.”

ನಾನು ಅತ್ತೆ, ಆಣೆ ಮಾಡಿದೆ. ಅತ್ತಷ್ಟೂ ನನ್ನ ಮನಸ್ಸು ಛಲೋ ಎಂದು ಅವರಿಗೆ ಖಾತ್ರಿಯಾಯಿತು. ಕಡ್ಡಿ ಮೇಲಿದ್ದರೂ ಹ್ಯಾಂಡಲ್ ಒಮ್ಮೊಮ್ಮೆ ಒದೆಯುವುದುಂಟು, ಹಿಡಿಯುವಾಗ ದುರಗಪ್ಪ ಹೆಬ್ಬೆರಳನ್ನು ತಪ್ಪಾಗಿ ಸುತ್ತಿದ್ದಾನೆ ಎಂದು ತೀರ್ಮಾನವಾಯಿತು. ದುರಗಪ್ಪನೂ ಹಾಗೆಯೇ ನಂಬಿದ. ನಾಟಿ ವೈದ್ಯರು ಬಿದಿರಿನ ಪಟ್ಟಿ ಕಟ್ಟಿದರು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಸ್ಪ್ಯಾನರ್ ಹಿಡಿಯಲು ಬೆರಳುಗಳು ಮುಚ್ಚಲಿಲ್ಲ. ಅವನು ಶಾಲೆ ಬಿಟ್ಟು ಮತ್ತೆ ಕುರಿಗಳ ಹಿಂದೆ ಹೋದ. ಗಂಗಾವತಿಯ ಮಾಲೀಕರು ಅವನ ಬದಲು ನನ್ನನ್ನು ಕರೆದರು. ಗೆಳೆಯನಿಗಾಗಿ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ಹೋದ ಹುಡುಗ ಎಂದು ಉಸ್ತಾದರು ಶಿಫಾರಸು ಮಾಡಿದ್ದರಂತೆ.

ನಾನು ಹೋದೆ. ಹೋಗಬಾರದಿತ್ತು ಎಂದು ಈಗ ಬರೆಯುವುದು ಸುಲಭ.

ನಾನು ಹೇಗೆ ಹೇಗೋ ಯೋಚಿಸಿದ್ದೇನೆ. ಗಾಬರಿಯಲ್ಲಿ ನಾನೇ ಎತ್ತಿ ಮರೆತಿರಬಹುದೇ? ಹಾಗಾದರೆ ಆ ಕಿರ್ರೆನ್ನುವ ಸದ್ದು ಯಾರಿಗೂ ಯಾಕೆ ಕೇಳಲಿಲ್ಲ? ಹೊಡೆತದ ರಭಸಕ್ಕೆ ಸರಿಯಿತೆನ್ನೋಣವೆಂದರೆ, ಆಮೇಲೆ ಅದು ಕೆಳಗಿದ್ದುದನ್ನು ನಾನು ನೋಡಿದ್ದೆ. ಎಷ್ಟೋ ಎಂಜಿನುಗಳನ್ನು ಬಿಚ್ಚಿ ಕಟ್ಟಿದ್ದೇನೆ. ಹೊಡೆದ ಮೇಲೆ ತಾನಾಗಿ ಮೇಲೇರಿದ ಕಡ್ಡಿಯನ್ನು ಎಲ್ಲೂ ಕಂಡಿಲ್ಲ.

ಕೆಲವು ವರ್ಷಗಳ ನಂತರ ಕನಕಗಿರಿಯ ದಾರಿಯಲ್ಲಿ ಬಸ್ಸು ಕೆಟ್ಟಿತು. ಸಾಮಾನು ಬರುವವರೆಗೆ ಹೊತ್ತಿತ್ತು, ಧೈರ್ಯ ಮಾಡಿ ನವಲಿಗೆ ಹೋದೆ. ದುರಗಪ್ಪ ಕಂಬಳಿ ಹಾಸಿ ಕೂರಿಸಿದ. ಹೆಂಡತಿಯನ್ನು ಕರೆದು, “ನನ್ನ ಸಲುವಾಗಿ ಉಸ್ತಾದರ ಮುಂದ ತಪ್ಪು ತನ್ನ ಮ್ಯಾಲ ಹಾಕ್ಕೊಂಡಿದ್ದ ಅಂದಿದ್ನಲ್ಲ, ಇವನ ನೋಡ” ಎಂದ. ಅವಳು ನನ್ನ ಕಾಲಿಗೆ ಬಿದ್ದಳು.

“ದುರಗ, ಅದು ಸುಳ್ಳಲ್ಲೋ. ಖರೇನ ನಾ ಕಡ್ಡಿ ಎತ್ತಿದ್ದಿಲ್ಲ” ಎಂದೆ.

ಅವನು ನಕ್ಕ. “ಇನ್ನೂ ಬಿಟ್ಟಿಲ್ಲೇನೋ ಮಾರಾಯಾ? ನೀ ಕೂಗಿದ್ದು ನನ್ನ ಕಿವಿಲೆ ಕೇಳೀನಿ” ಎಂದು ಆ ಸೊಟ್ಟ ಕೈಯಿಂದಲೇ ನನ್ನ ತಟ್ಟೆಗೆ ರೊಟ್ಟಿ ಹಾಕಿದ. ನಾನು ಉಂಡೆ.

ಕಡ್ಡಿಯನ್ನು ಎತ್ತಿದ್ದು ದೈವವೋ, ದೆವ್ವವೋ, ನನ್ನದೇ ಕೈಯೋ ತಿಳಿಯದು. ಯಾರೇ ಆಗಿರಲಿ, ಅವರನ್ನು ಒಂದು ಮಾತು ಕೇಳಬೇಕೆಂದಿದ್ದೇನೆ: ಎತ್ತುವುದಿದ್ದರೆ ಒಂದು ಗಳಿಗೆ ಮೊದಲೇ ಯಾಕೆ ಎತ್ತಲಿಲ್ಲ?