ಸವೆದ ಬಳೆ, ಸವೆಯದ ಗಟ್ಟಿ

ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆ. ಸ್ಥಳ, ಜಯನಗರ ನಾಲ್ಕನೇ ಬ್ಲಾಕಿನ ಒಂದು ಚಿನ್ನದ ಅಂಗಡಿ. ಹಾಜರಿದ್ದವರು ನಾನು, ನನ್ನ ವಾರಗಿತ್ತಿ ಮತ್ತು ನನ್ನ ಮಗನ ಮಗಳು. ನಾನು ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಸೇರಿ, ಒಂದು ವಾರ್ಡಿನ ಜವಾಬ್ದಾರಿ ಹೊತ್ತು ನಿವೃತ್ತಳಾದವಳು. ಡ್ಯೂಟಿ ರಿಪೋರ್ಟನ್ನು ಹೀಗೆಯೇ ಶುರು ಮಾಡಬೇಕಿತ್ತು. ಬೇರೆ ರೀತಿ ಶುರು ಮಾಡಲು ಈಗಲೂ ಕೈ ಒಪ್ಪುವುದಿಲ್ಲ.

ಹೋದ ಕೆಲಸ ಎರಡು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಅವಳಿಗೆ ಕೊಡಬೇಕೆಂದು ತೆಗೆದಿಟ್ಟಿದ್ದ ಇಪ್ಪತ್ತು ಗ್ರಾಮಿನ ಚಿನ್ನದ ಗಟ್ಟಿಗೆ ಇವತ್ತು ಎಷ್ಟು ಬೆಲೆ ಎಂದು ಅವಳ ಎದುರಿಗೇ ಅಂಗಡಿಯವರ ಬಾಯಲ್ಲಿ ಹೇಳಿಸುವುದು ಒಂದು. ವಾರಗಿತ್ತಿಯ ಕೈಯಿಂದ ಚಿನ್ನದ ಬಳೆ ತೆಗೆಸುವುದು ಇನ್ನೊಂದು. ವರ್ಷಗಟ್ಟಲೆ ಕಳಚದೆ, ಕೈ ದಪ್ಪವಾಗಿ, ಕೈಗೊಂದರಂತೆ ಇದ್ದ ಆ ಜೋಡಿ ಅಲ್ಲೇ ಕೂತುಬಿಟ್ಟಿತ್ತು.

ಬಳೆ ಯಾಕೆ ತೆಗೆಸಬೇಕಿತ್ತು ಎಂದರೆ ನಮ್ಮ ಮನೆಯ ಪದ್ಧತಿಯನ್ನು ಹೇಳಬೇಕು. ಬಳೆ ಶಾಸ್ತ್ರದ ದಿನ ಮದುಮಗಳಿಗೆ ಹಸಿರು ಗಾಜಿನ ಬಳೆ ತೊಡಿಸಿ, ಅವುಗಳ ಹಿಂದೆ ಮುಂದೆ ಚಿನ್ನದ ಬಳೆ ಇಡುತ್ತೇವೆ. ಇದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಆದರೆ ನಮ್ಮಲ್ಲಿ ಆ ಚಿನ್ನದ ಬಳೆ ಡಬ್ಬಿಯಿಂದ ಬರುವಂತಿಲ್ಲ. ಮನೆಯ ಹಿರಿಯ ಹೆಂಗಸು ತಾನು ದಿನಾ ತೊಟ್ಟ ಬಳೆಯನ್ನು ಎಲ್ಲರ ಎದುರಿಗೆ ಕಳಚಿ, ಅದರ ಬಿಸಿ ಆರುವುದರೊಳಗೆ ಹುಡುಗಿಯ ಕೈಗೆ ಏರಿಸಬೇಕು. ನಮ್ಮ ಅತ್ತೆ ನನ್ನ ನಾದಿನಿಗೆ ಹಾಗೆ ತೊಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅತ್ತೆ ಈಗಿಲ್ಲ. ಹಿರಿಸೊಸೆ ನಾನು. ಸರದಿ ನನ್ನದು, ಮೊಮ್ಮಗಳು ನನ್ನವಳು. ಬಳೆ ಮಾತ್ರ ವಾರಗಿತ್ತಿಯದು.

ನಾನು ಬಳೆ ತೊಟ್ಟವಳಲ್ಲ. ವಾರ್ಡಿನಲ್ಲಿ ಮೊಣಕೈ ಕೆಳಗೆ ಏನೂ ಇರಕೂಡದು. ಕೈ ತೊಳೆಯಲು ಅಡ್ಡ, ರೋಗಿಗೆ ತಗುಲಿದರೆ ಗಾಯ. ರಜೆಯ ದಿನ ಹಾಕಿಕೊಂಡರೂ ನಲ್ಲಿಯ ಕೆಳಗೆ ಕೈ ಒಡ್ಡಿದ ಕೂಡಲೇ ಕಿರಿಕಿರಿಯಾಗುತ್ತಿತ್ತು. ಕಿವಿಗೆ ಓಲೆ, ಕೊರಳಿಗೆ ತಾಳಿ ಸರ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ, ಇಷ್ಟೇ ನನ್ನ ಅಲಂಕಾರ. ಕೈಯಲ್ಲಿ ನಾಲ್ಕು ಕಾಸು ಉಳಿದಾಗಲೆಲ್ಲ ಚಿನ್ನದ ನಾಣ್ಯ ಕೊಂಡೆ, ಆಮೇಲೆ ಗಟ್ಟಿ ಕೊಂಡೆ. ಎಲ್ಲವೂ ಬ್ಯಾಂಕ್ ಲಾಕರಿನಲ್ಲಿ. ಒಡವೆಗೆ ಮಜೂರಿ ಕೊಡಬೇಕು, ವೇಸ್ಟೇಜ್ ಎಂದು ಇನ್ನಷ್ಟು ಕೊಡಬೇಕು, ಮಾರಲು ಹೋದರೆ ಅವೆರಡೂ ವಾಪಸ್ ಬರುವುದಿಲ್ಲ, ಗಟ್ಟಿಯಲ್ಲಿ ಕೊಟ್ಟ ದುಡ್ಡೆಲ್ಲ ಚಿನ್ನವಾಗಿಯೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟವಳು ನಾನು. ಈ ಮಾತಿನಲ್ಲಿ ತಪ್ಪಿಲ್ಲ. ಬೇಕಾದವರು ಲೆಕ್ಕ ಹಾಕಿ ನೋಡಿಕೊಳ್ಳಬಹುದು.

ತಿಲಕ್ ನಗರದ ನಮ್ಮ ಮನೆಯಲ್ಲಿ ಕೆಳಗೆ ಮೈದುನನ ಸಂಸಾರ, ಮೇಲೆ ನಮ್ಮದು. ವಾರಗಿತ್ತಿ ಯಾವ ಲೆಕ್ಕವನ್ನೂ ಹಾಕಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಆ ಜೋಡಿ ಬಳೆ ಮಾಡಿಸಿಕೊಂಡು, ಅದರಲ್ಲೇ ಹಿಟ್ಟು ನಾದಿದಳು, ಬಟ್ಟೆ ಒಗೆದಳು, ಮಕ್ಕಳನ್ನು ಮಲಗಿಸಿದಳು. ಆ ಚಿನ್ನದ ಬಳೆ ಪಾತ್ರೆಗೆ, ಕಲ್ಲಿಗೆ ತಗುಲಿ ಮಾಡುವ ಸದ್ದು ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಮೊಮ್ಮಗಳು ಹುಟ್ಟಿದಾಗ ನಾನಿನ್ನೂ ಸರ್ವಿಸಿನಲ್ಲಿದ್ದೆ. ಸೊಸೆಯೂ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಬಂದು ನೋಡಿದರೆ ಮಗು ಕೆಳಗಿನ ಮನೆಯಲ್ಲಿ, ವಾರಗಿತ್ತಿಯ ತೊಡೆಯ ಮೇಲೆ, ಆ ಬಳೆಯನ್ನು ಹಿಡಿದುಕೊಂಡೇ ನಿದ್ದೆ ಮಾಡುತ್ತಿರುತ್ತಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಬಿಡಿಸಬೇಕಾಗುತ್ತಿತ್ತು. ಬಿಡಿಸಿದರೆ ಅಳು. ಎಷ್ಟೋ ದಿನ ನಾನು ಎತ್ತಿಕೊಳ್ಳದೆ ಹಾಗೇ ಮೇಲೆ ಹೋಗಿ ಸೀರೆ ಬದಲಿಸಿದ್ದೇನೆ.

ಅಂಗಡಿಯಲ್ಲಿ ಮೊದಲು ನನ್ನ ಕೆಲಸವಾಯಿತು. ಗಟ್ಟಿ, ತಂದ ದಿನದಂತೆಯೇ ಪ್ಲಾಸ್ಟಿಕ್ ಕಾರ್ಡಿನೊಳಗೆ ಸೀಲಾಗಿ ಕೂತಿತ್ತು. ಅಂಗಡಿಯವರು ಬೆಲೆ ಹೇಳಿದರು. ನಾನು ಕೊಂಡಿದ್ದ ಬೆಲೆಯ ಎಷ್ಟೋ ಪಟ್ಟು. ಮೊಮ್ಮಗಳ ಮುಖ ನೋಡಿದೆ. ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ನಗುತ್ತಿದ್ದಳು.

"ಅಜ್ಜಿ, ಸಖತ್ತಾಗಿದೆ. ಆದ್ರೆ ಮದುವೆಮನೇಲಿ ಇದನ್ನ ಏನ್ ಮಾಡ್ಲಿ? ಐಡಿ ಕಾರ್ಡ್ ಥರ ಕೊರಳಿಗೆ ನೇತಾಕ್ಕೊಳ್ಲಾ?"

"ಲಾಕರಲ್ಲಿ ಇಡು. ಕಷ್ಟಕಾಲಕ್ಕೆ ಆಗತ್ತೆ."

"ಮದುವೆಗೆ ಮುಂಚೆನೇ ಕಷ್ಟಕಾಲ ಅಂತೀಯಲ್ಲಾ ಅಜ್ಜಿ!"

ವಾರಗಿತ್ತಿ ನಕ್ಕಳು. "ನಗಬೇಡ್ವೇ, ಅಕ್ಕ ಹೇಳೋದು ಸರಿನೇ. ನಂಗೇ ಬುದ್ಧಿ ಇರ್ಲಿಲ್ಲ." ಹಾಗೆ ಹೇಳುತ್ತಲೇ ಬಳೆ ತೊಟ್ಟ ಕೈಯಿಂದ ಮೊಮ್ಮಗಳ ಜಡೆ ಸರಿಮಾಡಿದಳು. ಬುದ್ಧಿ ನನಗೆ ಬಂತು, ಜಡೆ ಅವಳಿಗೆ ಹೋಯಿತು ಎಂದುಕೊಂಡೆ.

ಆಮೇಲೆ ಬಳೆಯ ಕೆಲಸ. ಅಂಗಡಿಯವರು ಸೋಪು ನೀರು ಹಚ್ಚಿ ಎಳೆದರು. ಬಳೆ ಹೆಬ್ಬೆರಳಿನ ಬುಡಕ್ಕೆ ಬಂದು ನಿಂತಿತು. ಮತ್ತೆ ಎಳೆದರು. ಕೈ ಕೆಂಪಾಯಿತು, ಊದಿತು.

"ಆಗಲ್ಲ ಅಮ್ಮ. ಕಟ್ ಮಾಡಿಬಿಡ್ತೀವಿ. ಆಮೇಲೆ ಬೆಸುಗೆ ಹಾಕಿ ಪಾಲಿಶ್ ಮಾಡಿದ್ರೆ ಗೊತ್ತೇ ಆಗಲ್ಲ."

ವಾರಗಿತ್ತಿ ಕೈ ಹಿಂದಕ್ಕೆ ಎಳೆದುಕೊಂಡಳು. "ಅಯ್ಯೋ ಬೇಡ ಸಾರ್! ಕತ್ತರಿಸಿದ ಬಳೆ ಮದುಮಗಳಿಗೆ ತೊಡಿಸ್ತಾರಾ ಯಾರಾದ್ರೂ?" ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಒರೆಸಿಕೊಂಡು, "ಹೋಗ್ಲಿ ಬಿಡಿ ಅಕ್ಕ. ನೀವೇ ಹೊಸದು ತಗೊಂಡು ತೊಡಿಸಿಬಿಡಿ. ಸರದಿನೂ ನಿಮ್ದೇ," ಎಂದಳು.

ನನಗೆ ಒಳಗೊಳಗೇ ಖುಷಿಯಾಯಿತು. ಆ ಬಳೆ ಬಾರದಿರಲಿ ಎಂದು ಬೆಳಗಿನಿಂದ ಬಯಸಿದ್ದೆ. ಆದರೆ ಮೊಮ್ಮಗಳ ಮುಖ ಸಪ್ಪಗಾಗಿತ್ತು. ಅಂಗಡಿಯವರು ಇನ್ನೊಂದು ಸಲ ನೋಡೋಣ ಎಂದು ಊದಿದ ಕೈಯನ್ನು ಹಿಡಿದು ತಿರುಚಿ ಎಳೆಯತೊಡಗಿದರು. ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಊದಿದ ಕೈಯನ್ನು ಹಾಗೆ ಎಳೆಯುತ್ತಾರೆಯೇ? ಹೊಟ್ಟೆಯುರಿ ಇರಬಹುದು, ಕೆಲಸಕ್ಕೊಂದು ಕ್ರಮ ಬೇಡವೇ?

"ಬಿಡ್ರೀ ಅವಳ ಕೈನ," ಎಂದೆ. "ಐಸ್ ನೀರು ತರ್ಸಿ. ತೆಳ್ಳಗಿರೋ ಪ್ಲಾಸ್ಟಿಕ್ ಕವರ್ ಒಂದು. ಕೊಬ್ಬರಿ ಎಣ್ಣೆ ಇದ್ಯಾ?"

ಸಾಮಾನು ಬಂತು. ಅವಳ ಕೈಯನ್ನು ತಣ್ಣೀರಿನಲ್ಲಿ ಇಡಿಸಿ, ಆಮೇಲೆ ತಲೆಗಿಂತ ಮೇಲೆ ಎತ್ತಿ ಹಿಡಿಸಿದೆ. "ಮಾತಾಡ್ಬೇಡ, ಕೈ ಇಳಿಸ್ಬೇಡ."

"ಸ್ಕೂಲಲ್ಲಿ ಮಿಸ್ ನಿಲ್ಲಿಸಿದ ಹಾಗಿದೆ ಅಕ್ಕ."

"ಮಾತಾಡ್ಬೇಡ ಅಂದೆ."

ಊತ ಇಳಿಯಲು ಬಿಟ್ಟು, ಕವರನ್ನು ಬಳೆಯ ಅಡಿಯಿಂದ ತೂರಿಸಿ ಅಂಗೈ ಮುಚ್ಚುವಂತೆ ಹರಡಿದೆ. ಮೇಲೆ ಎಣ್ಣೆ ಸವರಿದೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಒತ್ತಿ ಹಿಡಿದು ಬಳೆಯನ್ನು ನಿಧಾನವಾಗಿ ಜಾರಿಸಿದೆ. ಬಂತು. ಇನ್ನೊಂದೂ ಬಂತು. ಮೊಮ್ಮಗಳು ಚಪ್ಪಾಳೆ ತಟ್ಟಿ, "ಚಿಕ್ಕಜ್ಜಿ, ಬಂತು!" ಎಂದು ಅವಳನ್ನು ತಬ್ಬಿಕೊಂಡಳು. ತೆಗೆದವಳು ಎಣ್ಣೆಗೈಯಲ್ಲಿ ಪಕ್ಕದಲ್ಲಿ ನಿಂತಿದ್ದೆ.

ಬಳೆ ಇದ್ದ ಜಾಗದಲ್ಲಿ ವಾರಗಿತ್ತಿಯ ಮಣಿಕಟ್ಟಿನ ಸುತ್ತ ಬಿಳಿಚಿದ ಪಟ್ಟಿಯೊಂದು ಮೂಡಿತ್ತು, ಚರ್ಮ ಸ್ವಲ್ಪ ಒಳಕ್ಕೆ ಹೋಗಿತ್ತು. ನನ್ನ ಮಣಿಕಟ್ಟು ನೋಡಿಕೊಂಡೆ. ಒಂದೇ ಬಣ್ಣ.

ಅಂಗಡಿಯವರು ಬಳೆಗಳನ್ನು ಒರೆಸಿ ತಕ್ಕಡಿಯ ಮೇಲಿಟ್ಟರು. ಮಾಡಿಸಿದಾಗಿನ ತೂಕ ವಾರಗಿತ್ತಿಗೆ ಬಾಯಿಪಾಠವಾಗಿತ್ತು. ಈಗ ಅದಕ್ಕಿಂತ ಕಡಿಮೆ ತೋರಿಸಿತು.

"ದಿನಾ ಹಾಕ್ಕೊಂಡ್ರೆ ಸವೆಯುತ್ತೆ ಅಮ್ಮ," ಎಂದರು ಅವರು.

"ನೋಡ್ದ್ಯಾ?" ಎಂದೆ ಮೊಮ್ಮಗಳಿಗೆ. "ನಂದು ಒಂದು ಚೂರೂ ಸವೆದಿಲ್ಲ."

"ಹೆಂಗೆ ಸವೆಯುತ್ತೆ ಅಜ್ಜಿ? ನೀನು ಅದನ್ನ ಮುಟ್ಟೇ ಇಲ್ವಲ್ಲಾ!"

ಅವಳು ತಮಾಷೆಗೆ ಹೇಳಿದ ಮಾತು. ನಿಜವೂ ಹೌದು. ಇಷ್ಟು ವರ್ಷ ನನ್ನದಾಗಿದ್ದ ಆ ಗಟ್ಟಿಗೆ ನನ್ನ ಬೆರಳು ಒಮ್ಮೆಯೂ ತಾಗಿರಲಿಲ್ಲ. ವಾರಗಿತ್ತಿಯ ಬಳೆಯಿಂದ ಸವೆದುಹೋದ ಆ ಚಿನ್ನ ಎಲ್ಲಿ ಹೋಯಿತು ಎಂದು ಯೋಚಿಸಿದೆ. ಹಿಟ್ಟಿನ ಪಾತ್ರೆಗೆ, ಬಟ್ಟೆ ಒಗೆಯುವ ಕಲ್ಲಿಗೆ, ಒಂದು ಮಗುವಿನ ಮುಷ್ಟಿಗೆ. ಅವಳ ಹತ್ತಿರ ಉಳಿದಿದ್ದ ಚಿನ್ನದ ಮೇಲೆ ನನಗೆ ಯಾವತ್ತೂ ಅಸೂಯೆ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚು ನನ್ನ ಲಾಕರಿನಲ್ಲಿತ್ತು. ಅವಳು ಕಳೆದುಕೊಂಡ ಆ ಚೂರಿನ ಮೇಲೆ ಮಾತ್ರ, ಅಲ್ಲಿ ನಿಂತಲ್ಲೇ, ಮೈಯೆಲ್ಲ ಉರಿಯಿತು.

"ಈ ಸೀಲ್ ಒಡೀರಿ," ಎಂದೆ ಅಂಗಡಿಯವರಿಗೆ. "ಇದಕ್ಕೆ ಒಂದು ಜೋಡಿ ಬಳೆ ಕೊಡಿ. ರೆಡಿ ಇರೋದು. ನನ್ನ ಕೈ ಅಳತೆಗೆ."

ವಾರಗಿತ್ತಿ ಗಾಬರಿಯಾದಳು. "ಅಕ್ಕ! ಬಳೆ ಅಂದ್ರೆ ಲಾಸು ಅಂತ ನೀವೇ ಹೇಳ್ತಿದ್ರಲ್ಲಾ?"

"ಈಗ್ಲೂ ಲಾಸೇ."

"ಮತ್ತೆ?"

"ಮದುವೆಗೆ ಇನ್ನೂ ದಿನ ಇದೆ. ಅಲ್ಲೀವರೆಗೆ ಹಾಕ್ಕೋತೀನಿ. ಎರಡು ಕೈಗೆ ಹಿಂದೆ ಮುಂದೆ ಅಂದ್ರೆ ನಾಲ್ಕು ಬೇಕಲ್ವಾ? ನಿನ್ ಜೋಡಿ ಒಂದು, ನನ್ ಜೋಡಿ ಒಂದು."

ಸೀಲ್ ಒಡೆದು ಗಟ್ಟಿಯನ್ನು ನನ್ನ ಅಂಗೈಗೆ ಹಾಕಿದರು. ತಣ್ಣಗಿತ್ತು, ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಒಂದು ಗಳಿಗೆ ಹಿಡಿದುಕೊಂಡು ವಾಪಸ್ ಕೊಟ್ಟೆ. ಮಜೂರಿ, ವೇಸ್ಟೇಜ್, ತೆರಿಗೆ ಎಲ್ಲ ಸೇರಿಸಿ ಬಿಲ್ಲು ಬಂದಾಗ ಓದದೆ ಮಡಿಸಿ ಪರ್ಸಿಗೆ ಹಾಕಿದೆ. ಬಿಲ್ಲು ಓದದೆ ಮಡಿಸಿದ್ದು ಅದೇ ಮೊದಲು.

ಆಟೋದಲ್ಲಿ ಬರುವಾಗ ಮೊಮ್ಮಗಳು ನಮ್ಮಿಬ್ಬರ ನಡುವೆ ಕೂತಿದ್ದಳು.

"ಮುಂದಿನ ಬಳೆ ಯಾರದು, ಹಿಂದಿನದು ಯಾರದು?" ಎಂದು ಕೇಳಿದೆ.

"ಅಜ್ಜಿ! ಅದಕ್ಕೂ ಜಗಳನಾ?"

"ಜಗಳ ಅಲ್ಲ. ಕ್ರಮ ಗೊತ್ತಿರ್ಬೇಕು."

"ಮುಂದಿಂದು ಅಕ್ಕನದೇ ಇರ್ಲಿ," ಎಂದಳು ವಾರಗಿತ್ತಿ, ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. "ನನ್ ಬಳೆನ ಆವತ್ತು ಬೆಳಿಗ್ಗೆ ಅಕ್ಕನೇ ನಂಗೆ ಏರಿಸ್ಬೇಕು, ಅಕ್ಕನೇ ಇಳಿಸ್ಬೇಕು. ಇಲ್ಲಾಂದ್ರೆ ಮತ್ತೆ ಸಿಕ್ಕಾಕ್ಕೊಳುತ್ತೆ."

"ಐಸು, ಕವರು, ಎಣ್ಣೆ ರೆಡಿ ಇಟ್ಕೋ," ಎಂದೆ. ಅವಳು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದೂ ನನಗೆ ಸೇರಲಿಲ್ಲ. ಕೈ ತುಂಬ ತೊಟ್ಟು ಬದುಕಿದವಳಿಗೆ ಬಿಟ್ಟುಕೊಡುವುದು ಕಷ್ಟವಲ್ಲ.

ಸಂಜೆ ಆರೂವರೆಗೆ ದೀಪ ಹಚ್ಚಿದೆ. ಏಳಕ್ಕೆ ದೋಸೆ ಹಿಟ್ಟು ರುಬ್ಬಿ ಪಾತ್ರೆಗೆ ಬಗ್ಗಿಸಿದೆ. ಉಪ್ಪು ಹಾಕಿ ಕಲಸಲು ಕೈ ತೊಳೆಯಬೇಕು. ಅಭ್ಯಾಸದಂತೆ ಮೊಣಕೈವರೆಗೆ ಸೋಪು ಹಚ್ಚಿದೆ, ಬಳೆ ಅಡ್ಡ ಬಂತು. ತೆಗೆಯಬಹುದಿತ್ತು, ಸಡಿಲವಾಗಿಯೇ ಇತ್ತು. ತೆಗೆಯದೆ ಮೇಲಕ್ಕೆ ಸರಿಸಿ, ಅದರ ಅಡಿಯನ್ನೂ ತೊಳೆದು ಒರೆಸಿ, ಹಿಟ್ಟಿಗೆ ಕೈ ಹಾಕಿದೆ. ಬಳೆ ಜಾರಿ ಬಂದು ಪಾತ್ರೆಯ ಅಂಚಿಗೆ ತಗುಲಿ ಸದ್ದು ಮಾಡಿತು. ಕೆಳಗಿನ ಮನೆಯಿಂದ ಆ ಹೊತ್ತು ಯಾವ ಸದ್ದೂ ಇರಲಿಲ್ಲ.

ಮೊಮ್ಮಗಳು ಹೊರಗಿನಿಂದ ಬಂದವಳು ಮೆಟ್ಟಿಲ ಮೇಲೆಯೇ ಕೂಗಿದಳು. "ಚಿಕ್ಕಜ್ಜೀ, ಮೇಲೆ ಬಂದಿದ್ದೀಯಾ? ಏನ್ ತಿಂಡಿ?"

ನಾನು ಕಲಸುತ್ತಲೇ ಇದ್ದೆ, ಬಳೆ ಪಾತ್ರೆಗೆ ತಗುಲುತ್ತಲೇ ಇತ್ತು. ಅವಳು ಬಾಗಿಲಿಗೆ ಬಂದು ನನ್ನನ್ನು ಕಂಡು ನಿಂತಳು.

"ಓ, ನೀನಾ!"

"ನಾನೇ. ಚಪ್ಪಲಿ ಹೊರಗೆ ಬಿಡು, ಕೈ ತೊಳಕೊಂಡು ಬಾ."

ಅವಳು ಹೋದಮೇಲೆ ಹಿಟ್ಟನ್ನು ಇನ್ನೊಮ್ಮೆ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ, ಕಲಸಿದೆ. ಪಾತ್ರೆಗೆ ತಟ್ಟೆ ಮುಚ್ಚಿದೆ. ಬಳೆಗೆ ಮೆತ್ತಿದ್ದ ಹಿಟ್ಟನ್ನು ನಲ್ಲಿಯ ಕೆಳಗೆ ಹಿಡಿದು ಹೆಬ್ಬೆರಳಿನಿಂದ ಉಜ್ಜಿ ತೊಳೆದೆ.