ಅಂಟಿಸಿದ ಮೀಸೆ

ಕಳೆದ ಸೋಮವಾರ ಬೆಳಿಗ್ಗೆ ಚನ್ನಗಿರಿ ಬಸ್ ನಿಲ್ದಾಣದ ಎದುರು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ನಾಟಕ ಕಂಪನಿಯ ಪೋಷಕ ನಟರೊಬ್ಬರು ತೀರಿಕೊಂಡು ಅಂದಿಗೆ ಒಂದು ವರ್ಷ. ಮುಕ್ಕಾಲು ಜಾಗದಲ್ಲಿ ಅವರ ಅಣ್ಣ, ಸಿನಿಮಾ ಹೀರೋ, ಕೈಮುಗಿದು ನಗುತ್ತಿದ್ದರು. ಸತ್ತವರು ಮೂಲೆಯಲ್ಲಿದ್ದರು. ಮೀಸೆ ಇರಲಿಲ್ಲ.

ಹೊಸ ಫ್ಲೆಕ್ಸಿನ ವಾಸನೆ ಮೂಗಿಗೆ ಅಡರಿತು. ಅವರು ಮೀಸೆ ಅಂಟಿಸಿಕೊಳ್ಳುತ್ತಿದ್ದ ಗೋಂದಿಗೂ ಇಂಥದೇ ಘಾಟು...

ನಾನಾಗ ಹೊನ್ನಾಳಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಕಂಪನಿ ಡೇರೆ ಹಾಕಿದ ಕಡೆಯೆಲ್ಲ ಅವರದು ಹೊಲ ನುಂಗುವ ಶಾನುಭೋಗನ ಪಾತ್ರ. ಸಂತೇಬೆನ್ನೂರು ಸಂತೆಯಲ್ಲಿ ಸೊಪ್ಪು ಮಾರುವಾಕೆ, "ಶಾನುಭೋಗ್ರೇ, ಇವತ್ತು ಯಾರ ಹೊಲ ನುಂಗಾಕೆ ಬಂದ್ರಿ?" ಎಂದು ಕಾಲೆಳೆದರೆ, "ನಿಂದೇ ಕಣವ್ವಾ, ಪಹಣಿ ತಗಂಡು ಬಾ" ಎನ್ನುತ್ತಿದ್ದರು. ಅವರು ದುಡಿದು ಪಡೆದ ಹೆಸರು ಅದೊಂದೇ.

ಬರಿಮುಖದಲ್ಲಿ ಅವರು ಥೇಟ್ ಅಣ್ಣ. ಹಾಗೇ ರಂಗಕ್ಕೆ ಬಂದರೆ ಸೀಟಿ ಬೀಳುತ್ತಿದ್ದದ್ದು ಅಣ್ಣನ ಹೆಸರಿಗೆ. ಸ್ವಂತ ಮೀಸೆ ನಾಲ್ಕು ಕೂದಲಿಗಿಂತ ಹೆಚ್ಚು ಬೆಳೆಯುತ್ತಿರಲಿಲ್ಲ. ಹಾಗಾಗಿ ಅಂಟಿಸುವ ಮೀಸೆ.

ಜಗಳೂರು ಕ್ಯಾಂಪಿನಲ್ಲಿ ಕಂಪನಿ ಮಾಲೀಕರು ಆ ಮೀಸೆಯನ್ನೇ ಬಚ್ಚಿಟ್ಟರು. ಬರಿಮುಖದಲ್ಲಿ ಬಂದರೆ ಡೇರೆ ತುಂಬುತ್ತದೆ ಎಂಬುದು ಅವರ ಲೆಕ್ಕಾಚಾರ. ಬಣ್ಣದ ಪೆಟ್ಟಿಗೆಯ ಪಕ್ಕ ನಾನಿದ್ದೆ. ಶಾನುಭೋಗರು ಜಗಳವಾಡಲಿಲ್ಲ. ಕಾಡಿಗೆ ಡಬ್ಬಿಗೆ ಬೆರಳದ್ದಿ ಮೀಸೆ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ರಿಪೋರ್ಟರ್ರೇ, ನಾನು ಹೋದ ದಿನ ಮೀಸೆ ಇರೋ ಫೋಟೋನೇ ಹಾಕ್ರಿ. ಇಲ್ಲಾಂದ್ರೆ ಅಣ್ಣಾರೇ ಹೋದ್ರು ಅಂತ ಜನ ಅಳಾಕೆ ಶುರು ಮಾಡ್ತಾರೆ."

ಹಾಕ್ತೀನಿ ಎಂದೆ.

ಕಳೆದ ವರ್ಷ ಅವರ ಸಾವಿನ ಸುದ್ದಿ ಕಳಿಸಿದವನು ನಾನೇ. ಮೀಸೆಯ ಫೋಟೋ ಜೊತೆಗಿತ್ತು. ಡೆಸ್ಕಿನಿಂದ ಫೋನ್ ಬಂತು: "ಅಣ್ಣನ ಹೋಲಿಕೆ ಇರೋದು ಇಲ್ವೇನ್ರೀ?" ಇತ್ತು. ಕಳಿಸಿದೆ. 'ಖ್ಯಾತ ನಟನ ತಮ್ಮ ನಿಧನ' ಎಂದು ಅಚ್ಚಾಯಿತು. ಅವರ ಹೆಸರು ಮೂರನೇ ಸಾಲಿನಲ್ಲಿತ್ತು, ಅದೂ ತಪ್ಪಾಗಿ. ಪುಟ ನೋಡಿ ಹೇಸಿಗೆಯಾಯಿತು. ಫೋಟೋ ಕಳಿಸಿದ ಕೈ ನನ್ನದೇ...

ಸೋಮವಾರ ಫ್ಲೆಕ್ಸ್ ಅಂಗಡಿಗೆ ಹೋಗಿ, ಮೀಸೆ ಎಲ್ಲಿ ಎಂದು ಕೇಳಿದೆ.

"ಮನೆಯೋರು ಕೊಟ್ಟ ಫೋಟೋದಾಗೆ ಇತ್ತು ಸಾರ್," ಎಂದ ಅಂಗಡಿಯವನು. "ಅಣ್ಣಾರ ಅಭಿಮಾನಿಗಳು ಅಳಿಸಿಬಿಡಿ ಅಂದ್ರು. ಈಗ ನೋಡ್ರಿ, ಹೆಂಗೆ ಹೋಲ್ತೈತೆ!"

ಹೊಗಳಿಕೆಗೆ ಕಾಯುತ್ತ ನಿಂತಿದ್ದ. ಅವರು ಕಾಡಿಗೆಯಲ್ಲಿ ಬರೆದುಕೊಂಡಾದರೂ ಉಳಿಸಿಕೊಂಡ ಮುಖವನ್ನು ನಾನೂ ಇವನೂ ಸೇರಿ ಅಳಿಸಿದ್ದೆವು.

ಅಷ್ಟರಲ್ಲಿ ಶಾನುಭೋಗರ ಹೆಂಡತಿ ಬಂದರು. ಫ್ಲೆಕ್ಸ್ ನೋಡಿಕೊಂಡೇ ಬಂದಿದ್ದರು. ನನ್ನನ್ನು ಗುರುತಿಸಿ, ಅಂಗಡಿಯವನ ಕಡೆ ತಿರುಗಿದರು.

"ನಮ್ಮ ಶಾನುಭೋಗ್ರ ಫೋಟೋ ಕೊಡ್ರಿ," ಎಂದರು.

ಸೆರಗಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದರು. ಫ್ಲೆಕ್ಸ್ ಇವತ್ತಿಗೂ ಬಸ್ ನಿಲ್ದಾಣದ ಎದುರೇ ಇದೆ.