ಗಿಡ್ಡಪ್ಪನೂ ಕಿಟ್ಟಪ್ಪನೂ ಒಬ್ಬನೇ ಆದ ಕಥೆ

ಇಲ್ಲಿಗೆ ಬಂದ ಹೊಸದರಲ್ಲಿ ರೇಷನ್ ಕಾರ್ಡಿಗೆ ಹೆಸರು ಸೇರಿಸಲು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದೆ. ಒಳಗಿನಿಂದ ಯಾರೋ "ಪಾಕ್ಯಾ, ಪಾಕ್ಯಾ" ಎಂದು ಕೂಗುತ್ತಲೇ ಇದ್ದರು. ಯಾರಪ್ಪಾ ಈ ಪಾಕ್ಯಾ, ಎದ್ದು ಹೋಗಬಾರದೇ ಎಂದು ನಾನೂ ಸುತ್ತ ನೋಡಿದೆ. ಕೊನೆಗೆ ಗಂಡ ಮುನಿರಾಜು ಮೊಣಕೈಯಿಂದ ತಿವಿದರು. "ನಿನ್ನೇ ಕಣೆ ಕರೀತಿರೋದು, ಎದ್ದೋಗು."

ನನ್ನ ಹೆಸರು ಭಾಗ್ಯ. ತಮಿಳು ಲಿಪಿಯಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ, ಕ ಗ ಎರಡಕ್ಕೂ ಒಂದೇ, ಟ ಡ ಎರಡಕ್ಕೂ ಒಂದೇ. ಗೊತ್ತಿದ್ದವರು ಸರಿಯಾಗಿ ಓದಿಕೊಳ್ಳುತ್ತಾರೆ, ಗೊತ್ತಿಲ್ಲದವರು ಅಂದಾಜಿನ ಮೇಲೆ ಓದುತ್ತಾರೆ. ಗದಗಿನ ಪ್ರೆಸ್ಸೊಂದರಲ್ಲಿ ಆರು ವರ್ಷ ಟೈಪು ಮಾಡಿದವಳು ನಾನು. ಒಂದು ಕೊಂಬು ತಪ್ಪಿದರೂ ಮಾಲೀಕರು ಹಾಳೆಯನ್ನು ಹಿಂದಕ್ಕೆ ಎಸೆಯುತ್ತಿದ್ದರು. ಅಂಥವಳು ಇಲ್ಲಿ ನನ್ನ ಹೆಸರನ್ನೇ ಗುರುತಿಸಲಾರದೆ ಕೂತಿದ್ದೆ.

ಮುನಿರಾಜು ನಮ್ಮ ಕಡೆಗೆ ಗಾಳಿಯಂತ್ರ ನಿಲ್ಲಿಸುವ ಕೆಲಸಕ್ಕೆ ಬಂದವರು. ಮದುವೆಯಾದ ಮೇಲೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮನೆ ಸೂಳಗಿರಿ ಹತ್ತಿರದ ಹಳ್ಳಿ. ಅವರು ಕಂಪನಿ ಬಸ್ಸು ಹತ್ತಿ ಶಿಫ್ಟಿಗೆ ಹೋದರೆ ಉಳಿಯುವುದು ನಾನು, ಅತ್ತೆ, ಎರಡು ಹಸು. ತಮಿಳುನಾಡಾದರೂ ಮನೆಮಾತು ಕನ್ನಡವೇ ಎಂದು ಅಪ್ಪ ಧೈರ್ಯ ಹೇಳಿ ಕಳಿಸಿದ್ದ. ಆದರೆ ಆ ಕನ್ನಡವೇ ನನಗೆ ಮೊದಲು ತಿಳಿಯಲಿಲ್ಲ. ನಾನು "ಬರ್ರಿ, ಕುಂದರ್ರಿ" ಎಂದರೆ ಪಕ್ಕದ ಮನೆಯವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅತ್ತೆ ಹಸುವನ್ನು ಗದರುವುದು ತೆಲುಗಿನಲ್ಲಿ, ಟೊಮೆಟೊ ಮಂಡಿಯಲ್ಲಿ ಮಾತಾಡುವುದು ತಮಿಳಿನಲ್ಲಿ, ನನ್ನನ್ನು ಬೈಯುವುದು ಕನ್ನಡದಲ್ಲಿ. ಆ ಮಟ್ಟಿಗೆ ನಾನು ಮನೆಯವಳು. ಅಲ್ಲಿ ದಿನವೂ ರೊಟ್ಟಿ ಬಡಿಯುತ್ತಿದ್ದ ಕೈಗೆ ಇಲ್ಲಿ ಮುದ್ದೆ ತಿರುವಲು ಒಂದು ವರ್ಷ ಹಿಡಿಯಿತು. ಗಂಟಿಲ್ಲದ ಮೊದಲ ಮುದ್ದೆ ತಟ್ಟೆಗೆ ಬಿದ್ದ ದಿನ ಅತ್ತೆ ಇನ್ನರ್ಧ ಹಾಕಿಸಿಕೊಂಡರು.

ನನ್ನ ಬೇಸರ ನೋಡಿ ಫೋನಿನಲ್ಲಿ ಆ ಗ್ರೂಪಿಗೆ ಸೇರಿಸಿದವಳು ಕವಿತಾ, ಅದೇ ಹಳ್ಳಿಯಲ್ಲಿ ಬೇರೆ ಮನೆ ಮಾಡಿದ್ದ ಭಾವನ ಮಗಳು, ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ. "ಚಿಕ್ಕಮ್ಮ, ಇದ್ರಲ್ಲಿ ಬರೀ ತಾತ ಮುತ್ತಾತನ ಕತೇನೆ. ನಿಂಗೆ ಇಷ್ಟ ಆಯ್ತದೆ ನೋಡು" ಎಂದಳು. ಹೊಸೂರು, ಕೃಷ್ಣಗಿರಿ ಸೀಮೆಯ ಮನೆತನಗಳ ಮೂಲ ಹುಡುಕುವ ಗ್ರೂಪು ಅದು. ಯಾರ ಹಿರಿಯರು ಯಾವ ಊರಿಂದ ಬಂದರು, ಯಾರಿಗೆ ಯಾರು ಪಂಗಾಳಿ ಎಂದು ಇಡೀ ದಿನ ಚರ್ಚೆ. ಪಂಗಾಳಿ ಎಂದರೆ ದಾಯಾದಿ; ಪಾಲಿಗೆ ಬರುವವನು, ಹೆಣ್ಣು ಕೊಟ್ಟು ತರಬಾರದವನು.

ನಮ್ಮ ಕಡೆ ಈ ಕೆಲಸಕ್ಕೆ ಹೆಳವರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ಕೂತು, ಹಳೆಯ ಪುಸ್ತಕ ಬಿಚ್ಚಿ ನಮ್ಮ ವಂಶವನ್ನು ರಾಗವಾಗಿ ಓದಿ, ಕಾಳು ತೆಗೆದುಕೊಂಡು ಹೋಗುತ್ತಿದ್ದರು. ತಪ್ಪು ಓದಿದರೆ ಅಜ್ಜ ಅಲ್ಲೇ ತಡೆಯುತ್ತಿದ್ದ. ಇಲ್ಲಿ ತಡೆಯುವವರು ಯಾರೂ ಇರಲಿಲ್ಲ. ಬರೆಯುವವರಲ್ಲಿ ಅರ್ಧ ಜನ ತಮಿಳನ್ನೂ ತೆಲುಗನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಕೇಳಿದ್ದಕ್ಕೆ ಉತ್ತರವಿಲ್ಲ, ಪ್ರತಿಯೊಬ್ಬನ ಮುತ್ತಾತನೂ ಪಾಳೇಗಾರನೇ. ಹಾಗಿದ್ದರೆ ದನ ಮೇಯಿಸಿದವರು ಯಾರು ಎಂದು ಒಮ್ಮೆ ಬರೆದೆ. ಅಳಿಸಿಹಾಕಿದರು.

ಆದರೂ ಬಿಡಲಿಲ್ಲ. ಒಬ್ಬರು ಹಳೆಯ ಕನ್ನಡ ಕ್ರಯಪತ್ರದ ಫೋಟೋ ಹಾಕಿ, ಯಾರಿಗಾದರೂ ಓದಲು ಬರುತ್ತದೆಯೇ ಎಂದು ಕೇಳಿದ್ದರು. ಪ್ರೆಸ್ಸಿನಲ್ಲಿ ಎಂಥೆಂಥ ಕೈಬರಹ ನೋಡಿದವಳಿಗೆ ಅದು ಕಷ್ಟವಾಗಲಿಲ್ಲ. ಸಾಲು ಸಾಲಾಗಿ ಟೈಪು ಮಾಡಿ ಹಾಕಿದೆ. "ನನ್ರಿ ಅಕ್ಕಾ" ಎಂದು ಬಂತು. ನನ್ರಿ ಎಂದರೆ ಉಪಕಾರವಾಯಿತು ಎನ್ನುವ ಮಾತು. ಈ ಸೀಮೆಯಲ್ಲಿ ಗುರುತಿಲ್ಲದವರೊಬ್ಬರು ನನಗೆ ಅಕ್ಕಾ ಎಂದದ್ದು ಅದೇ ಮೊದಲು. ಅಡ್ಮಿನ್ ನಿವೃತ್ತ ಅಧಿಕಾರಿ, ಎಲ್ಲರೂ ಸಾರ್ ಎನ್ನುತ್ತಿದ್ದರು. ಅವರೇ ಫೋನು ಮಾಡಿ, ನಿಮ್ಮ ಊರಿನ ಮನೆತನಗಳ ವಂಶವೃಕ್ಷ ನೀವೇ ಮಾಡಿಕೊಡಿ ಎಂದರು. ನಾನು ಉಬ್ಬಿಹೋದೆ. ಎಡವಿದ್ದೂ ಅಲ್ಲೇ.

ನಮ್ಮವರ ಮೂಲಪುರುಷ ಗಿಡ್ಡಪ್ಪ ಎಂದು ಭಾವ ಹೇಳಿದ್ದರು. ಗ್ರೂಪಿನಲ್ಲಿ ತೊರಪಲ್ಲಿ ಕಡೆಯ ಮನೆಯೊಂದರ ಪಟ್ಟಿ ಸಿಕ್ಕಿತು, ತಮಿಳು ಕೈಬರಹದಲ್ಲಿತ್ತು. ಬಸ್ಸಿನ ಬೋರ್ಡು ಓದಿ ಓದಿ ಅಷ್ಟರಲ್ಲಿ ನಾನು ತಮಿಳು ಅಕ್ಷರ ಕಲಿತಿದ್ದೆ. ಆ ಮನೆಯವರು ಹಿಂದೆ ನಮ್ಮ ಹಳ್ಳಿಯಿಂದಲೇ ಹೋದವರು, ಮನೆದೇವರೂ ನಮ್ಮದೇ. ಪಟ್ಟಿಯ ತಲೆಯಲ್ಲಿದ್ದ ಹೆಸರನ್ನು ಗಿಡ್ಡಪ್ಪ ಎಂದು ಓದಿಕೊಂಡೆ. ಒಂದೇ ಊರು, ಒಂದೇ ದೇವರು, ಒಂದೇ ಹೆಸರು. ಇಬ್ಬರನ್ನೂ ಒಬ್ಬನನ್ನಾಗಿ ಮಾಡಿ, ಎರಡು ಮನೆಗಳನ್ನು ಅವನ ಇಬ್ಬರು ಮಕ್ಕಳ ಕವಲಾಗಿ ಬರೆದು ಹಾಕಿಬಿಟ್ಟೆ. ಅಂದಾಜು ಎಂದು ಪಕ್ಕದಲ್ಲಿ ಬರೆಯಬೇಕಿತ್ತು. ಬರೆಯಲಿಲ್ಲ. ಹೊಗಳಿಕೆ ಸುರಿಯಿತು.

ಕೆಲವು ತಿಂಗಳ ಮೇಲೆ ಕವಿತಾಳಿಗೆ ತೊರಪಲ್ಲಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಗುಲಾಬಿ ಬೆಳೆಯುವವನು. ಇಬ್ಬರೂ ಒಪ್ಪಿದರು, ದಿನಾ ಫೋನಿನಲ್ಲಿ ಮಾತೂ ಶುರುವಾಯಿತು. ಅದೇ ಪಟ್ಟಿಯ ಮನೆ ಅದು ಎಂದು ನನಗೆ ಹೊಳೆಯಲೇ ಇಲ್ಲ. ಹೂ ಮುಡಿಸುವ ಶಾಸ್ತ್ರಕ್ಕೆ ವಾರವಿದ್ದಾಗ ನಾನೂ ಭಾವನ ಮನೆಯಲ್ಲಿದ್ದೆ. ಹುಡುಗನ ದೊಡ್ಡಪ್ಪ ಅಲ್ಲಿಗೆ ಬಂದು, ನೀರೂ ಮುಟ್ಟದೆ ಫೋನು ತೆರೆದು ಭಾವನ ಮುಂದೆ ಹಿಡಿದರು.

"ನೋಡಪ್ಪಾ, ನಾವೂ ನೀವೂ ಪಂಗಾಳಿಗಳು. ಅಣ್ಣ ತಂಗಿಗೆ ಮದ್ವೆ ಮಾಡಕ್ಕಾಯ್ತದಾ?"

"ನಮ್ ಹಿರೀಕ ಗಿಡ್ಡಪ್ಪ ಕಣಣ್ಣ, ನಿಮ್ದು ಬೇರೆ" ಎಂದರು ಭಾವ.

"ನಮ್ಮೋರು ಕಿಟ್ಟಪ್ಪ ಅಂತಾರೆ, ನೀವು ಗಿಡ್ಡಪ್ಪ ಅಂತೀರ. ಬರೆಯೋದು ಒಂದೇ ತರ. ಆಳೂ ಒಬ್ನೇ ಅಂತ ತಿಳ್ದೋರು ಹಾಕವ್ರಲ್ಲ."

ತಿಳಿದವರು ಬಾಗಿಲ ಹಿಂದೆ ಲೋಟ ಹಿಡಿದು ನಿಂತಿದ್ದರು. ಲೋಟ ಕೆಳಗಿಟ್ಟೆ. ಹೊರಗೆ ಬಂದು, "ಅದನ್ನ ಬರದಾಕಿ ನಾನಽ ರೀ. ಅಂದಾಜಿನ ಮ್ಯಾಲೆ ಬರದೀನಿ" ಎಂದೆ. ದೊಡ್ಡಪ್ಪ ನನ್ನನ್ನು ನೋಡಲೂ ಇಲ್ಲ. "ಬರ್ದಾಗೈತಲ್ಲ" ಎಂದು ಎದ್ದು ಹೋದರು. ಕವಿತಾ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಿಂಗೆ ಟೈಮ್ ಪಾಸು ಚಿಕ್ಕಮ್ಮ" ಎಂದಳು. ಆಮೇಲೆ ಮಾತು ಬಿಟ್ಟಳು.

ಅವತ್ತೇ ಅಡ್ಮಿನ್ ಸಾರ್‌ಗೆ ಫೋನು ಮಾಡಿ, ಅದನ್ನು ತೆಗೆದುಹಾಕಿ ಎಂದು ಬೇಡಿಕೊಂಡೆ. ಈಗ ಅದು ಗ್ರೂಪಿನ ಆಸ್ತಿ, ತಿದ್ದಬೇಕಾದರೆ ಆಧಾರ ಕೊಡಿ ಎಂದರು. ಹಾಕುವಾಗ ಯಾವ ಆಧಾರವನ್ನೂ ಕೇಳಿರಲಿಲ್ಲವಲ್ಲ ಎಂದೆ. ಲೈನು ಕಟ್ಟಾಯಿತು. ಗ್ರೂಪಿನಲ್ಲಿ ತಪ್ಪೊಪ್ಪಿಗೆ ಬರೆದೆ. ಅದರ ಕೆಳಗೆ ಒಬ್ಬರು, ಹೊರಗಿನಿಂದ ಬಂದವರು ನಮ್ಮ ಚರಿತ್ರೆ ಕೆಡಿಸಬಾರದು ಎಂದು ಬರೆದರು. ಅಷ್ಟರಲ್ಲಿ ನನ್ನ ವಂಶವೃಕ್ಷದ ಚಿತ್ರ ಬೇರೆ ಬೇರೆ ಗ್ರೂಪುಗಳಿಗೆ ಹೋಗಿಯಾಗಿತ್ತು, ಕೆಳಗೆ ಬೇರೆ ಯಾರದೋ ಹೆಸರು ಹಾಕಿಕೊಂಡು.

ನಾನು ಅಳುತ್ತಾ ಕೂತಿದ್ದಾಗ ಅತ್ತೆ ಹುಲ್ಲಿನ ಹೊರೆ ಇಳಿಸಿ ಪಕ್ಕದಲ್ಲಿ ಕೂತರು.

"ಅಲ್ಲಮ್ಮಾ, ಇಷ್ಟ್ ದಿನ ಬರೀ ಗಂಡಸ್ರುನ್ನೇ ಕೇಳ್ದಲ್ಲ. ಅವ್ರಿಗೇನ್ ಗೊತ್ತು? ಕಿಟ್ಟಪ್ಪನ ಮನೇಲಿ ಹುಟ್ಟಿದ್ ಹೆಣ್ಮಗಳು ಒಬ್ಳು ಇನ್ನೂ ಬದ್ಕವ್ಳೆ. ಪಾಪಮ್ಮ ಅಂತ. ನಡಿ, ಹೋಗಾನ."

ಕೃಷ್ಣಗಿರಿ ರಸ್ತೆಯಲ್ಲಿ ಬಸ್ಸಿಳಿದು, ಮಾವಿನ ತೋಪುಗಳ ನಡುವೆ ಒಂದು ಗಂಟೆ ನಡೆದೆವು. ಪಾಪಮ್ಮ ಜಗುಲಿಯ ಬಿಸಿಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಮಂಜಾಗಿದ್ದರೂ ಬೆರಳು ಚುರುಕಾಗಿತ್ತು. ನಾನು ಕಥೆಯನ್ನೆಲ್ಲ ಹೇಳಿ ಮುಗಿಸುವ ಮೊದಲೇ ನಕ್ಕುಬಿಟ್ಟರು.

"ಯಾವನ್ ಹೇಳಿದ್ದವ್ವಾ ಅಂಗೆ? ಕಿಟ್ಟಪ್ಪ ನಮ್ ತಾತ. ಅವನ್ ಹೆಂಡ್ತಿ, ನಮ್ಮಜ್ಜಿ ತಿಮ್ಮಕ್ಕ, ಗಿಡ್ಡಪ್ಪನ್ ತಂಗಿ. ಅಣ್ಣನ್ ಮನೆಯಿಂದ ಹಬ್ಬಕ್ಕೆ ಸೀರೆ ಬತ್ತಿತ್ತು, ಅದ್ರಾಗೆ ನಂಗೂ ಒಂದ್ ಲಂಗ. ಅವ್ರು ಅಣ್ಣತಮ್ಮ ಅಲ್ಲ ಕಣವ್ವ, ಬಾವ ಬಾಮೈದ."

ಹಿಂದೆಯೇ ಹೆಣ್ಣು ಕೊಟ್ಟು ತಂದ ಮನೆಗಳು ಇವು. ಈಗಲೂ ಧಾರಾಳವಾಗಿ ಕೊಟ್ಟು ತರಬಹುದು. ನಾನು ಮಾಡಿದ ವಂಶವೃಕ್ಷದಲ್ಲಿ ತಿಮ್ಮಕ್ಕ ಇರಲೇ ಇಲ್ಲ. ನನಗೆ ಸಿಕ್ಕ ಯಾವ ಪಟ್ಟಿಯಲ್ಲೂ ಒಬ್ಬ ಹೆಂಗಸಿನ ಹೆಸರಿರಲಿಲ್ಲ, ನಾನೂ ಕೇಳಿರಲಿಲ್ಲ.

ಪಾಪಮ್ಮನ ಮಾತನ್ನು ಫೋನಿನಲ್ಲಿ ರೆಕಾರ್ಡು ಮಾಡಿ ಅಡ್ಮಿನ್‌ಗೆ ಕಳಿಸಿದೆ. ವಯಸ್ಸಾದವರ ಮಾತು ಆಧಾರವಾಗುವುದಿಲ್ಲ, ಪತ್ರವಿದ್ದರೆ ಕಳಿಸಿ ಎಂದು ಉತ್ತರ ಬಂತು. ಹುಡುಗನ ದೊಡ್ಡಪ್ಪ ರೆಕಾರ್ಡು ಕೇಳಲು ಒಪ್ಪಲಿಲ್ಲ. ಮತ್ತೆ ಮತ್ತೆ ಹೇಳಿ ಕಳಿಸಿದ ಮೇಲೆ ತಾವೇ ಪಾಪಮ್ಮನ ಜಗುಲಿಗೆ ಹೋದರಂತೆ. ಅಜ್ಜಿ ಮೊದಲು ಅವರ ತಾಯಿಯ ಹೆಸರು, ತಾಯಿಯ ತವರು, ಚಿಕ್ಕಂದಿನಲ್ಲಿ ಅವರು ಬಾವಿಗೆ ಬಿದ್ದದ್ದು ಎಲ್ಲ ಹೇಳಿ, ಆಮೇಲೆ ತಿಮ್ಮಕ್ಕನ ವಿಷಯಕ್ಕೆ ಬಂದರಂತೆ. ದೊಡ್ಡಪ್ಪ ವಾದ ಮಾಡಲಿಲ್ಲ.

ಮದುವೆ ನಡೆಯಿತು, ಆರು ತಿಂಗಳು ತಡವಾಗಿ. ಆ ಆರು ತಿಂಗಳಲ್ಲಿ ಕವಿತಾ ಸೊರಗಿದ್ದು ನನಗೆ ಗೊತ್ತು. ತೊರಪಲ್ಲಿಗೆ ಹೊರಡುವ ದಿನ ಎಲ್ಲರನ್ನೂ ತಬ್ಬಿಕೊಂಡು ಅತ್ತಳು. ನನ್ನ ಹತ್ತಿರ ಬಂದಾಗ "ಬತ್ತೀನಿ ಚಿಕ್ಕಮ್ಮ" ಎಂದಷ್ಟೇ ಅಂದಳು. ಅಷ್ಟು ಸಿಕ್ಕಿದ್ದೇ ಹೆಚ್ಚು. ಗ್ರೂಪಿನಲ್ಲಿ ಗಿಡ್ಡಪ್ಪನೂ ಕಿಟ್ಟಪ್ಪನೂ ಇವತ್ತಿಗೂ ಒಬ್ಬನೇ. ಈಗಲೂ ಯಾರಾದರೂ ಆ ಚಿತ್ರವನ್ನು ನನಗೇ ಕಳಿಸಿ, ಎಷ್ಟು ಚೆನ್ನಾಗಿದೆ ನೋಡಿ ಎನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ.

ಈಗ ನಾನು ಊರಿನ ಹೆಂಗಸರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಯಾವ ಊರಿಂದ ಬಂದರು, ಯಾರ ಮಗಳು, ಯಾವ ಊರಿಗೆ ಕೊಟ್ಟರು. ಒಂದು ಮಧ್ಯಾಹ್ನ ನನ್ನದನ್ನೂ ಬರೆಯೋಣವೆಂದು ಕೂತೆ. ಅವ್ವನ ತಾಯಿ, ಅಪ್ಪನ ತಾಯಿ, ಅಲ್ಲಿಗೆ ಮುಗಿಯಿತು. ಈ ಹಳ್ಳಿಯ ಸತ್ತವರ ಹೆಸರೆಲ್ಲ ಬಾಯಿಗೆ ಬರುತ್ತದೆ, ಅಪ್ಪನ ಅಜ್ಜಿಯ ಹೆಸರು ಗೊತ್ತಿಲ್ಲ. ಗದಗಿಗೆ ಫೋನು ಮಾಡಿದೆ.

"ಯಾರಿಗ್ ಗೊತ್ತವಾ" ಎಂದಳು ಅವ್ವ. "ಎಲ್ಲಾರೂ ಮುಂಡರಗಿಯಾಕಿ, ಮುಂಡರಗಿಯಾಕಿ ಅಂತಿದ್ರಂತ."

"ಕಾಕಾನ್ನ ಕೇಳಬೇ. ನಾ ಬರಕೋಬೇಕು."

"ನಿನಗ್ಯಾಕ ಬೇಕ ಅವೆಲ್ಲಾ ಈಗ? ನೀ ಆ ಕಡಿಯಾಕಿ ಆದಿ."

ಫೋನು ಕಿವಿಯಲ್ಲೇ ಇತ್ತು. ಅಂಗಳಕ್ಕೆ ಹಾಲು ಕೇಳಲು ಹೊಸಬರು ಯಾರೋ ಬಂದಿದ್ದರು. ಒಳಗೆ ಕೂತಿರೋದು ಯಾರು ಎಂದು ಅವರು ತಮಿಳಿನಲ್ಲಿ ಕೇಳಿದ್ದು ನನಗೆ ಅರ್ಥವಾಯಿತು. ಅತ್ತೆ ಕನ್ನಡದಲ್ಲೇ ಹೇಳಿದರು.

"ನಮ್ ಸೊಸೆ ಕಣಮ್ಮ. ಆ ಕಡೆಯೋಳು."